ಕಡ್ಡಿ ನೆಟ್ಟ ಜಾಗ

ಕೌಂಟಿಯ ಹುಲ್ಲು ಕೊಯ್ಯುವ ಯಂತ್ರ ಬರುವ ಹಿಂದಿನ ದಿನ
ಹೆದ್ದಾರಿಯ ಪಕ್ಕದ ತಗ್ಗಿನಲ್ಲಿ ಶಾಲೆಯ ಬಸ್ಸು ನಿಲ್ಲಿಸಿ
ಆರ್ಡಿತ್ ವೊಸಿಕಾ
ಬಿರಿಯತೊಡಗಿದ್ದ ಎರಡು ಕಾಯಿ ಕಿತ್ತು
ಊಟದ ಡಬ್ಬಿಗೆ ಹಾಕಿಕೊಂಡಳು.
ಮಕ್ಕಳನ್ನೆಲ್ಲ ಇಳಿಸಿಯಾಗಿತ್ತು.
ನೋಡಿದ್ದು ಒಂದು ಹಸು ಮಾತ್ರ.

ನೆಬ್ರಾಸ್ಕಾದ ಬಯಲಿನದೇ ಹೂವು ಅದು,
ಯಾರೂ ತಂದು ನೆಟ್ಟದ್ದಲ್ಲ.
ಚಿಟ್ಟೆಗಿಡ ಅನ್ನುತ್ತಾರೆ. ಕಿತ್ತಳೆ ಬಣ್ಣ,
ರಸ್ತೆ ರಿಪೇರಿಯವರ ಅಂಗಿಯಷ್ಟು ಕಿತ್ತಳೆ.
ನಮ್ಮ ಎಕ್ಕದ ಕುಲದ್ದೇ ಅಂತೆ:
ಕಾಯಿಯೊಳಗೆ ಅದೇ ರೇಷ್ಮೆ, ಅದೇ ಹಾರುವ ಹುಚ್ಚು.
ಆದರೆ ಎಲೆ ಮುರಿದರೆ ಹಾಲಿಲ್ಲ,
ದೂರದ ಊರಿಗೆ ಕೊಟ್ಟ ಹೆಣ್ಣು
ತವರಿನ ಒಂದು ಪದ್ಧತಿ ಬಿಟ್ಟ ಹಾಗೆ.

ಬೀಜಕ್ಕೆ ಮೊದಲು ಚಳಿ ಉಣ್ಣಿಸಬೇಕು.
ಒದ್ದೆ ಮರಳಲ್ಲಿ ಕಲಸಿ, ಫ್ರಿಜ್ಜಿನಲ್ಲಿ
ಬೆಣ್ಣೆಗೂ ಸಾಸಿವೆ ಬಾಟಲಿಗೂ ನಡುವೆ, ಆರು ವಾರ.
(ಅಕ್ಕನ ಮಗ ಅದನ್ನು ಕಂದು ಸಕ್ಕರೆ ಅಂದುಕೊಂಡು
ಒಂದು ಚಮಚ ಕಾಫಿಗೆ ಹಾಕಿಕೊಂಡ.)
ಮೊದಲ ವರ್ಷ ಗೇಣುದ್ದ. ಅಷ್ಟೇ.
ಎರಡನೆಯ ವರ್ಷ ಗೇಣಿನ ಮೇಲೆ ನಾಲ್ಕು ಬೆರಳು.
ಬೆಳೆಯುವುದೆಲ್ಲ ಕೆಳಗೆ, ಗಜ್ಜರಿಯಂಥ ಬೇರು,
ಒಮ್ಮೆ ಇಳಿಯಿತೆಂದರೆ ಕಿತ್ತು ಬೇರೆಡೆ ನೆಡುವ ಮಾತಿಲ್ಲ.
ನೀರು ಬೇಡ. ಗೊಬ್ಬರ ಬೇಡವೇ ಬೇಡ.
ಅಕ್ಕರೆ ಜಾಸ್ತಿಯಾದರೆ ಬುಡ ಕೊಳೆಯುತ್ತದೆ.
ಹಳದಿ ಹೇನು ಮುತ್ತಿದರೆ ಹೆಬ್ಬೆರಳಲ್ಲಿ ಒರೆಸಬೇಕು;
ಪಟ್ಟೆ ಪಟ್ಟೆ ಹುಳು ಎಲೆ ತಿಂದರೆ ತಿನ್ನಲಿ,
ಅದಕ್ಕೇ ಅಲ್ಲವೆ ಇಟ್ಟದ್ದು?

ಮತ್ತೆ, ಅದು ತಡವಾಗಿ ಏಳುವ ಜಾತಿ.
ಟ್ಯುಲಿಪ್ಪು ಬಂದು ಹೋದರೂ
ಇದರ ಜಾಗ ಬೋಳು.
ಮರೆತು ಗುದ್ದಲಿ ಹಾಕಿಯೇನೆಂದು
ಒಂದು ಮುರಿದ ಅಳತೆಪಟ್ಟಿ ನೆಟ್ಟಳು,
ಮರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು,
ಹತ್ತೊಂಬತ್ತರಿಂದ ಮೂವತ್ತೊಂದು ಇಂಚಿನವರೆಗೆ ಉಳಿದದ್ದು.

ಬೇಲಿಯಾಚೆಯ ಎಲ್ಡನ್ ಕುಬಿಚೆಕ್ ಪ್ರತಿ ವಸಂತ ಕೇಳುತ್ತಿದ್ದ:
"ಸತ್ತೇ ಹೋಯಿತಲ್ಲ ನಿನ್ನ ಗಿಡ?"
ಪ್ರತಿ ಜೂನಿನಲ್ಲಿ ಸುಮ್ಮನಾಗುತ್ತಿದ್ದ.
ಅವನ ಅಂಗಳದಲ್ಲಿ ಹುಲ್ಲು ಬಿಟ್ಟು
ಬೇರೇನಕ್ಕೂ ಪರವಾನಗಿ ಇರಲಿಲ್ಲ.

ಐದನೆಯ ವರ್ಷ ಅವಳ ಮಂಡಿಗೆ ಆಪರೇಷನ್.
ಲಿಂಕನ್ ಆಸ್ಪತ್ರೆಯಿಂದ ಮರಳಿ
ಊರುಗೋಲಿನ ಮೇಲೆ ಹಿತ್ತಿಲಿಗೆ ಬಂದರೆ
ಹದವಾಗಿ ಉತ್ತ ಮಣ್ಣು. ಎರಡು ಬುಟ್ಟಿ ಗೊಬ್ಬರ.
ಸಾಲಾಗಿ ಟೊಮೇಟೊ ಸಸಿ.
ಅಳತೆಪಟ್ಟಿಯನ್ನು ಒರೆಸಿ ಗೋಡೆಗೆ ಒರಗಿಸಿದೆ.
"ನಿನಗೆ ಕಾಲು ಬೇರೆ ಸರಿಯಿಲ್ಲ, ಅದಕ್ಕೇ," ಎಂದ ಎಲ್ಡನ್,
"ಹೆಚ್ಚಾದ ಮಣ್ಣನ್ನು ನನ್ನ ಕಡೆಯ ಗುಂಡಿಗೆ ಸುರಿದೆ."
ಮುಖದ ತುಂಬ ಉಪಕಾರ.

ಏನೆಂದು ಬೈಯುವುದು?
ಕುರ್ಚಿ ತರಿಸಿ ಕೂತಳು.
ಊರುಗೋಲಿನ ತುದಿಯಲ್ಲಿ ಕೆದಕಿದಳು.
ಬೆರಳು ದಪ್ಪದ ಒಂದು ತುಂಡು. ಇನ್ನೊಂದು.
"ಏನದು, ಮೂಲಂಗಿಯೆ?"
"ಅಲ್ಲ," ಎಂದಳು. ಆಮೇಲೆ ಹೇಳಿದಳು.
ಅವನು ಟೋಪಿ ತೆಗೆದು
ಬಹಳ ಹೊತ್ತು ಅದರ ಒಳಗನ್ನೇ ನೋಡುತ್ತಿದ್ದ.
ಗ್ಯಾರೇಜಿನ ಹಿಂದಿನ ಮರಳು ನೆಲದಲ್ಲಿ ತುಂಡುಗಳನ್ನು ಊರಿದರು,
ಮೇಲೆ ಕಡ್ಡಿ.
ಆ ವರ್ಷ ಟೊಮೇಟೊ ಚೆನ್ನಾಗಿಯೇ ಬಂತು, ಅದೊಂದು ಬೇಜಾರು.

ಮುಂದಿನ ಜೂನಿನಲ್ಲಿ ಗ್ಯಾರೇಜಿನ ಹಿಂದೆ ಏನೂ ಇಲ್ಲ.
ಬೇಲಿಯಾಚೆ, ಹುಲ್ಲಿನ ನಟ್ಟನಡುವೆ,
ಗುಂಡಿ ತುಂಬಿದ ಜಾಗದಲ್ಲಿ, ಗೇಣುದ್ದ.
ಎಲ್ಡನ್‌ನ ಯಂತ್ರ ನಿಂತದ್ದು ಅಡುಗೆಮನೆಗೆ ಕೇಳಿಸಿತು.
ಮತ್ತೆ ಶುರುವಾದದ್ದು ಕೇಳಿಸಿತು,
ಒಂದು ಸುತ್ತು ಬಳಸಿಕೊಂಡು.

ಈಗ ಮತ್ತೆ ಮೇ ತಿಂಗಳು, ಹತ್ತನೆಯ ತಾರೀಖು.
ಈಚೆ ಅಳತೆಪಟ್ಟಿ, ಅವಳು ತೆಗೆದಿಲ್ಲ.
ಆಚೆ ಒಂದು ಮುರಿದ ಗಾಳದ ಕೋಲು.
ಬೆಳಗಿನ ಕಾಫಿ ಹಿಡಿದು ಇಬ್ಬರೂ ಬೇಲಿಯ ಹತ್ತಿರ.
"ಬಂತೆ ನಿನ್ನದು?"
"ಇಲ್ಲ. ನಿನ್ನದು?"
"ಇನ್ನೂ ಇಲ್ಲ," ಎನ್ನುತ್ತಾನೆ ಎಲ್ಡನ್,
ಬೋಳು ನೆಲದಿಂದ ಕಣ್ಣು ತೆಗೆಯದೆ.